ತೂಕದ ಯಂತ್ರ ಹೊತ್ತು ಬಂದ ಪುಟ್ಟ ಜಟ್ಟಿ: ಕ್ರ್ಯಾಶ್ ಹಾಲಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ರೆಸ್ಲಿಂಗ್ ಮಾತು ಬಂದಾಗಲೆಲ್ಲ ನಾನು ಕ್ರ್ಯಾಶ್ ಹಾಲಿಯ ಹೆಸರು ತೆಗೆಯುತ್ತೇನೆ, ಎದುರಿಗಿದ್ದವರು ಪ್ರಶ್ನೆ ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಅದನ್ನೇ ಎಷ್ಟು ಸಲ ಹೇಳುವುದು ಎಂದು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ಓದುವ ಮುನ್ನ ಒಂದು ಮಾತು: ರಿಂಗಿನಲ್ಲಿ ಕಂಡ ಕ್ರ್ಯಾಶ್ ನಮ್ಮ ಓರಗೆಯವನಂತಿದ್ದ, ಅವನಿಗೆ ಏಕವಚನವೇ ಸರಿ. ಆ ಪಾತ್ರವನ್ನು ಹೊತ್ತ ಮನುಷ್ಯ ಮೈಕೆಲ್ ಜಾನ್ ಲಾಕ್‌ವುಡ್. ಅವರಿಗೆ ಬಹುವಚನ. ಎರಡೂ ಬೆರೆತಂತೆ ಕಂಡರೆ ಗೊಂದಲ ಬೇಡ.

## ಹೊಸಬರ ಪ್ರಶ್ನೆಗಳು

ಕ್ರ್ಯಾಶ್ ಹಾಲಿ ಯಾರು? ರಾಕ್, ಅಂಡರ್‌ಟೇಕರ್ ಗೊತ್ತು, ಈ ಹೆಸರೇ ಕೇಳಿಲ್ಲ.

1999ರಿಂದ 2003ರವರೆಗೆ ಡಬ್ಲ್ಯುಡಬ್ಲ್ಯುಎಫ್ ಎಂಬ ವೃತ್ತಿಪರ ರೆಸ್ಲಿಂಗ್ ಸಂಸ್ಥೆಯಲ್ಲಿ (2002ರಿಂದ ಅದು ಡಬ್ಲ್ಯುಡಬ್ಲ್ಯುಇ) ಆಡಿದ ಅಮೆರಿಕದ ಕುಸ್ತಿಪಟು. ಲಾಕ್‌ವುಡ್ ಹುಟ್ಟಿದ್ದು 1971ರ ಆಗಸ್ಟ್ 25ರಂದು, ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ. ತೀರಿಕೊಂಡದ್ದು 2003ರ ನವೆಂಬರ್ 6ರಂದು, 32ನೆಯ ವಯಸ್ಸಿನಲ್ಲಿ. ನೀವು ಹೆಸರು ಮರೆತಿರಬಹುದು, ಆಳನ್ನು ಮರೆತಿರಲಾರಿರಿ. ಚಿನ್ನದ ಬಣ್ಣ ಹಾಕಿಸಿದ ಕೂದಲು, ಬಗಲಲ್ಲಿ ಚಾಂಪಿಯನ್ ಬೆಲ್ಟು, ಹಿಂದೆ ಮೂರ್ನಾಲ್ಕು ಜನ ಅಟ್ಟಿಸಿಕೊಂಡು ಬರುತ್ತಿರುವಾಗ ಜೀವ ಹಿಡಿದು ಓಡುತ್ತಿದ್ದ ಸಣ್ಣ ಆಳು. ಅವನೇ.

ಇದೆಲ್ಲ ನಾಟಕ ತಾನೇ? ನಾಟಕದಲ್ಲಿ ಗೆದ್ದವನನ್ನು ಇಷ್ಟು ವರ್ಷವಾದ ಮೇಲೆ ನೆನೆಯುವುದೇಕೆ?

ಹೌದು, ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮ ಗರಡಿಯ ಮಟ್ಟಿಯಲ್ಲಿ ನಡೆಯುವ ಕುಸ್ತಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಬೀಳುವುದು ನಾಟಕವಲ್ಲ. ರಿಂಗಿನ ಹಲಗೆಯ ಮೇಲೆ ಬೆನ್ನು ಬಿದ್ದರೆ ಬೆನ್ನಿಗೇ ಪೆಟ್ಟು. ತಗಡಿನ ಕಸದ ಡಬ್ಬಿ ತಲೆಗೆ ಬಡಿದರೆ ತಲೆಯೇ ಝುಂ ಎನ್ನುವುದು. ಇನ್ನು ನೆನೆಯುವ ಮಾತು: ಯಕ್ಷಗಾನ ನೋಡಿ ಮನೆಗೆ ಹೋದವರು ಯಾರು ಗೆದ್ದರು ಎಂದು ಚರ್ಚಿಸುವುದಿಲ್ಲ, ವೇಷಧಾರಿ ಹೇಗೆ ಮಾಡಿದ ಎಂದು ಚರ್ಚಿಸುತ್ತಾರೆ. ನಾವು ಮಾಡುತ್ತಿರುವುದೂ ಅದನ್ನೇ.

ಅವನು ನಾನೂರು ಪೌಂಡ್ ತೂಗುತ್ತಿದ್ದನೇ? ಘೋಷಣೆಯಲ್ಲಿ ಹಾಗೆ ಕೇಳಿದ ನೆನಪು.

ನಿಮ್ಮ ನೆನಪು ಸರಿ, ತೂಕ ತಪ್ಪು. 400 ಪೌಂಡ್ ಎಂದರೆ ಸುಮಾರು 181 ಕಿಲೋ. ಕ್ರ್ಯಾಶ್ ಇದ್ದದ್ದು ಅದರ ಹೆಚ್ಚುಕಡಿಮೆ ಅರ್ಧ. ಹಾಸ್ಯ ಇದ್ದದ್ದೇ ಅಲ್ಲಿ. 1999ರ ಆಗಸ್ಟ್‌ನಲ್ಲಿ ಹಾರ್ಡ್‌ಕೋರ್ ಹಾಲಿಯ ದಾಯಾದಿ ಎಂದು ಬಂದವನು, ಬಂದಾಗಿನಿಂದಲೇ ತಾನು ಸೂಪರ್ ಹೆವಿವೇಟ್ ಎಂದು ಸಾಧಿಸುತ್ತಿದ್ದ. ಘೋಷಕರು ‘ನಾನೂರು ಪೌಂಡ್‌ಗೂ ಮೇಲ್ಪಟ್ಟು’ ಎಂದು ಮುಖ ಬಿಗಿದುಕೊಂಡೇ ಸಾರುತ್ತಿದ್ದರು. ದಾಯಾದಿಗಳಿಬ್ಬರೂ ತೂಕದ ಯಂತ್ರವನ್ನು ರಿಂಗಿಗೇ ಹೊತ್ತು ತಂದು ಎದುರಾಳಿಯ ತೂಕ ನೋಡಲು ಹೊರಡುತ್ತಿದ್ದರು.

ಆ ಕಾಲದಲ್ಲಿ ನಮ್ಮೂರುಗಳಲ್ಲಿ ಬೆಳೆದವರಿಗೆ ಈ ಹಾಸ್ಯ ಒಂದು ಪಟ್ಟು ಹೆಚ್ಚೇ ತಟ್ಟುತ್ತದೆ. ಶಾಲೆಯ ಹಿಂದಿನ ಬೆಂಚಿನಲ್ಲಿ ನಾವು ಆಡುತ್ತಿದ್ದ ಟ್ರಂಪ್ ಕಾರ್ಡ್ ನೆನಪಿದೆಯೇ? ಎತ್ತರ, ತೂಕ, ಎದೆಯ ಸುತ್ತಳತೆ ಎಂದು ಕೂಗಿ ಎದುರಿನವನ ಕಾರ್ಡ್ ಕಿತ್ತುಕೊಳ್ಳುವ ಆಟ. ಸಣ್ಣ ಆಳಿನ ಕಾರ್ಡ್ ಬಂತೆಂದರೆ ಕೈ ತಣ್ಣಗಾಗುತ್ತಿತ್ತು. ದೊಡ್ಡವನೇ ದೊಡ್ಡವನು ಎಂಬುದು ನಮಗೆ ಗಣಿತದಷ್ಟೇ ಖಚಿತವಾಗಿತ್ತು. ಅಂಥ ಲೋಕಕ್ಕೆ ಒಬ್ಬ ಬಂದು ತನ್ನ ಕಾರ್ಡಿನ ಮೇಲೆ ತಾನೇ 400 ಎಂದು ಬರೆದುಕೊಂಡರೆ ಹೇಗಿರಬೇಡ!

ಹಾರ್ಡ್‌ಕೋರ್ ಹಾಲಿ, ಮಾಲಿ ಹಾಲಿ, ಕ್ರ್ಯಾಶ್ ಹಾಲಿ: ಮೂವರೂ ಒಂದೇ ಮನೆಯವರೇ?

ಕಥೆಯಲ್ಲಿ ಮಾತ್ರ. ಅಲಬಾಮಾದ ಮೊಬೈಲ್ ಊರಿನ ಒಂದೇ ಕುಟುಂಬದವರೆಂದು ತೋರಿಸುತ್ತಿದ್ದರು, ರಕ್ತಸಂಬಂಧವಿರಲಿಲ್ಲ. ಹಾರ್ಡ್‌ಕೋರ್ ಹಾಲಿ ಎನಿಸಿಕೊಂಡ ಬಾಬ್ ಹಾಲಿ 1994ರಲ್ಲಿ ಕಾರ್ ರೇಸ್ ಓಡಿಸುವವನ ವೇಷದಲ್ಲಿ ಬಂದಿದ್ದ ಆಟಗಾರ. ಅಂಥವನ ದಾಯಾದಿಗೆ ಡಿಕ್ಕಿ ಎಂಬ ಅರ್ಥದ ‘ಕ್ರ್ಯಾಶ್’ ಹೆಸರು ತಾನಾಗಿಯೇ ಹೊಂದಿಕೊಂಡಿತು. ಮಾಲಿ ಸೇರಿದ್ದು 2000ದ ಕೊನೆಯಲ್ಲಿ. ಮರುವರ್ಷ ಅವಳು ಎದುರು ಪಾಳೆಯದ ಸ್ಪೈಕ್ ಡಡ್ಲಿಯನ್ನು ಪ್ರೀತಿಸಿ ಎರಡೂ ಮನೆಗಳಿಗೆ ಬೆಂಕಿ ಹಚ್ಚಿದಳು. ಸ್ಪೈಕ್ ಕೂಡ ಪುಟ್ಟ ಆಳೇ. ಆ ಜಗಳದಲ್ಲಿ ಕ್ರ್ಯಾಶ್ ಎಂದಿಲ್ಲದ ಅಣ್ಣನ ಗತ್ತು ತೋರಿಸಿದ್ದು ನೋಡಲು ಚೆನ್ನಾಗಿತ್ತು.

## ಬೆಲ್ಟು, ಓಟ, ನಿದ್ದೆ

ದಿನದ 24 ಗಂಟೆ ಬೆಲ್ಟ್ ಕಾಯಬೇಕು ಎಂಬ ನಿಯಮ ಏನದು? ಯಾರು ತಂದರು?

ಹಾರ್ಡ್‌ಕೋರ್ ಚಾಂಪಿಯನ್‌ಷಿಪ್ ಹುಟ್ಟಿದ್ದು 1998ರ ನವೆಂಬರ್‌ನಲ್ಲಿ. ಮುರಿದ ಹಳೆಯ ಬೆಲ್ಟೊಂದಕ್ಕೆ ಟೇಪು ಸುತ್ತಿ ಮ್ಯಾನ್‌ಕೈಂಡ್ ಎಂಬ ಆಟಗಾರನಿಗೆ ಕೊಟ್ಟರು. ಕುರ್ಚಿ, ಕಸದ ಡಬ್ಬಿ, ಅಡುಗೆಮನೆಯ ತಟ್ಟೆ ಏನು ಬೇಕಾದರೂ ಎತ್ತಿ ಹೊಡೆಯಬಹುದಾದ ಪಂದ್ಯಗಳ ಬಿರುದು ಅದು. 2000ದ ಫೆಬ್ರವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಚಿತ್ರೀಕರಣವಾದ ಸ್ಮ್ಯಾಕ್‌ಡೌನ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಕ್ರ್ಯಾಶ್ ಟೆಸ್ಟ್ ಎಂಬ ದೈತ್ಯನಿಂದ ಅದನ್ನು ಗೆದ್ದ. ಗೆದ್ದವನು ತೆಪ್ಪಗಿರಬೇಕೇ? ವಾರದ ಏಳು ದಿನ, ದಿನದ 24 ಗಂಟೆ, ಎಲ್ಲಿ ಬೇಕಾದರೂ ಬನ್ನಿ, ರೆಫರಿಯೊಬ್ಬ ಜೊತೆಗಿದ್ದರೆ ಸಾಕು, ಪಂದ್ಯಕ್ಕೆ ನಾನು ಸಿದ್ಧ ಎಂದು ಸಾರಿಬಿಟ್ಟ.

ನಿಯಮ ತಂದವನೇ ನಿಯಮಕ್ಕೆ ಮೊದಲ ಬಲಿ. ಅಲ್ಲಿಂದ ಅವನಿಗೆ ನೆಮ್ಮದಿಯ ಊಟವಿಲ್ಲ. ವಿಮಾನ ನಿಲ್ದಾಣದಲ್ಲಿ ಮೀನ್ ಸ್ಟ್ರೀಟ್ ಪೊಸ್ಸೆ ಗುಂಪು ಮೇಲೆ ಬಿದ್ದಿತು. ಬ್ರೂಕ್ಲಿನ್‌ನ ಮಕ್ಕಳ ಆಟದ ಕೇಂದ್ರವೊಂದರಲ್ಲಿ ಹೆಡ್‌ಬ್ಯಾಂಗರ್ಸ್ ಜೋಡಿ ಹಿಡಿಯಿತು. ಆ ಕೊನೆಯದನ್ನು ನಾನು ಈಗಲೂ ನೋಡುತ್ತೇನೆ. ಬಣ್ಣಬಣ್ಣದ ಪ್ಲಾಸ್ಟಿಕ್ ಚೆಂಡುಗಳು ತುಂಬಿದ ತೊಟ್ಟಿ, ಜಾರುಬಂಡೆ, ಅದರ ನಡುವೆ ಬೆಳೆದ ಗಂಡಸರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದಾರೆ, ಪಟ್ಟೆ ಅಂಗಿಯ ರೆಫರಿ ಮಾತ್ರ ಹೈಕೋರ್ಟಿನ ನ್ಯಾಯಾಧೀಶನಷ್ಟು ಗಂಭೀರ. ದೊಡ್ಡ ದೇಹದವರಿಗೆ ನುಗ್ಗಲಾಗದ ಸಂದಿಯಲ್ಲಿ ಕ್ರ್ಯಾಶ್ ನುಸುಳಿಬಿಡುತ್ತಾನೆ. ಆ ಇಕ್ಕಟ್ಟಿನಲ್ಲಿ ಸಣ್ಣ ಮೈ ಮೊದಲ ಬಾರಿಗೆ ಬಂಡವಾಳವಾಯಿತು. ತಪ್ಪಿಸಿಕೊಳ್ಳುವ ಜಾದೂಗಾರನ ಹೆಸರು ಸೇರಿಸಿ ಅವನನ್ನು ‘ಹಾರ್ಡ್‌ಕೋರ್ ಹೂಡಿನಿ’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಅದಕ್ಕೂ ಮುಂಚೆ ಚಾಂಪಿಯನ್ ಎಂದರೆ ಎದೆಯುಬ್ಬಿಸಿ ನಿಲ್ಲುವವನು. ಬೆಲ್ಟು ಬಂದದ್ದೇ ತಡ ಹೆದರಿ ಓಡುವ ಚಾಂಪಿಯನ್‌ನನ್ನು ನಾವು ಕಂಡಿರಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಎಷ್ಟಿತ್ತೋ ಬೆಲ್ಟಿನ ಮೇಲಿನ ಆಸೆಯೂ ಅಷ್ಟೇ ಇತ್ತು. ಬಿಟ್ಟು ಓಡಿದ್ದರೆ ಯಾರೂ ಅಟ್ಟಿಸುತ್ತಿರಲಿಲ್ಲವಲ್ಲ!

ನಿದ್ದೆ ಮಾಡುತ್ತಿದ್ದಾಗಲೂ ಸೋತನಂತೆ, ನಿಜವೇ?

ನಿಜ. 2000ದಲ್ಲಿ ಹಳೆಯ ಕುಸ್ತಿಪಟು ಜೆರಾಲ್ಡ್ ಬ್ರಿಸ್ಕೊ, ಮಲಗಿದ್ದ ಕ್ರ್ಯಾಶ್‌ನ ಪಕ್ಕಕ್ಕೆ ಸದ್ದಿಲ್ಲದೆ ಬಂದು, ರೆಫರಿ ಮೆಲ್ಲಗೆ ಮೂರು ಎಣಿಸುವವರೆಗೆ ಹಿಡಿದುಕೊಂಡು, ಬೆಲ್ಟ್ ಎತ್ತಿಕೊಂಡು ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ, ಗಾಡ್‌ಫಾದರ್ ಎಂಬ ಆಟಗಾರನ ಜೊತೆಗೆ ಬಂದಿದ್ದ ಬಾಬ್‌ಕ್ಯಾಟ್ ಎಂಬಾಕೆ ಅವನ ಮೇಲೆ ಬಿದ್ದು ಚಾಂಪಿಯನ್ ಆದಳು. ಆ ಬಿರುದು ಪಡೆದ ಮೊದಲ ಹೆಣ್ಣು ಅವಳೇ. ಕ್ರ್ಯಾಶ್ ಅದೇ ರಾತ್ರಿ ಅವಳಿಂದ ಬಿರುದು ಮರಳಿ ಪಡೆದ.

22 ಬಾರಿ ಚಾಂಪಿಯನ್ ಎಂದರೆ 22 ಬಾರಿ ಸೋತ ಎಂದೂ ಆಯಿತಲ್ಲ?

ಆಯಿತು. ಈ ಪ್ರಶ್ನೆ ಕೇಳಿದ ಮಹಾಶಯರಿಗೆ ನಮಸ್ಕಾರ. ಹಾರ್ಡ್‌ಕೋರ್ ಬಿರುದನ್ನು ಅವನಿಗಿಂತ ಹೆಚ್ಚು ಬಾರಿ ಗೆದ್ದವನು ರೇವನ್ ಒಬ್ಬನೇ, 27 ಬಾರಿ. ಬೇರೆ ಬಿರುದಾಗಿದ್ದರೆ ಇಷ್ಟು ಸೋಲು ನಾಚಿಕೆಯ ಮಾತು. ಇಲ್ಲಿ ಅದು ಆಟದ ಉಸಿರು. ಪ್ರತಿ ಸೋಲಿನ ಹಿಂದೆ ಅವನು ಎಲ್ಲಿಂದ, ಯಾವ ಬಾಗಿಲಿನ ಮರೆಯಿಂದ ನುಗ್ಗಿ ವಾಪಸು ಕಸಿಯುತ್ತಾನೆ ಎಂಬ ಕುತೂಹಲವಿತ್ತು. ಅವನ ಗೆಲುವುಗಳ ದಿನಾಂಕ ನೋಡಿಕೊಂಡೇ ಹೇಳಬೇಕು, ಓಟಗಳು ಮಾತ್ರ ಒಂದೊಂದೂ ಕಣ್ಣಮುಂದಿವೆ.

ಅನಹೈಮ್ ರೆಸಲ್‌ಮೇನಿಯಾದಲ್ಲಿ ಅವನು ಗೆಲ್ಲಬೇಕಿತ್ತು, ಮೋಸವಾಯಿತು ಎನ್ನುತ್ತಾರೆ. ಏನಾಯಿತು?

ರೆಸಲ್‌ಮೇನಿಯಾ ಎಂದರೆ ಆ ಸಂಸ್ಥೆಯ ವರ್ಷದ ಅತಿ ದೊಡ್ಡ ಪ್ರದರ್ಶನ. 2000ದ ಏಪ್ರಿಲ್ 2ರಂದು ನಡೆದದ್ದು ಲಾಕ್‌ವುಡ್ ಅವರ ಹುಟ್ಟೂರಿನಲ್ಲೇ ಇತ್ತು. ಹದಿನೈದು ನಿಮಿಷ, ಹದಿಮೂರು ಜನ, ಯಾರು ಯಾರನ್ನು ಬೇಕಾದರೂ ಪಿನ್ ಮಾಡಬಹುದು (ಬೆನ್ನನ್ನು ನೆಲಕ್ಕೊತ್ತಿ ಮೂರು ಎಣಿಸುವವರೆಗೆ ಹಿಡಿಯುವುದು), ಗಡಿಯಾರ ನಿಂತಾಗ ಬೆಲ್ಟ್ ಯಾರ ಕೈಯಲ್ಲಿದೆಯೋ ಅವನೇ ಚಾಂಪಿಯನ್. ಕ್ರ್ಯಾಶ್ ಬಿರುದಿನೊಂದಿಗೆ ಬಂದ. ಕೊನೆಯ ಕ್ಷಣದಲ್ಲಿ ಹಾರ್ಡ್‌ಕೋರ್ ಹಾಲಿ ಪಿನ್ ಮಾಡುತ್ತಿರುವಾಗಲೇ ಸಮಯ ಮುಗಿಯಿತು. ರೆಫರಿಯ ಎಣಿಕೆಗೂ ಗಡಿಯಾರಕ್ಕೂ ತಾಳ ತಪ್ಪಿತು. ನೋಡುತ್ತಿದ್ದವರಿಗೆ ಏನೆಂದು ತಿಳಿಯುವಷ್ಟರಲ್ಲಿ ಹಾರ್ಡ್‌ಕೋರ್ ಹಾಲಿ ಹೊಸ ಚಾಂಪಿಯನ್ ಎಂದು ಸಾರಿದ್ದರು. ಕ್ರ್ಯಾಶ್ ಮರುದಿನವೇ ಅದನ್ನು ಮರಳಿ ಗೆದ್ದ. ಆದರೂ ತವರಿನ ಜನರೆದುರು ಬೆಲ್ಟ್ ಹೊತ್ತು ಹೊರಡುವ ಆ ಒಂದು ರಾತ್ರಿ ತಪ್ಪಿತಲ್ಲ ಎಂಬ ಹೊಟ್ಟೆಯುರಿ ನನಗೆ ಇನ್ನೂ ಇದೆ.

## ಆಟ ಬಲ್ಲವರು ಕೇಳುವುದು

ಬರೀ ನಗಿಸುವವನೋ, ಪಟ್ಟು ಗೊತ್ತಿದ್ದವನೋ?

ಪಟ್ಟು ಗೊತ್ತಿಲ್ಲದವನು ನಗಿಸಲು ಹೋದರೆ ಯಾರದಾದರೂ ಕುತ್ತಿಗೆ ಮುರಿಯುತ್ತದೆ. ಅಟ್ಟಿಸಿಕೊಂಡು ಬರುವ ದೈತ್ಯನ ಕೈ ಇನ್ನೇನು ತಾಗಬೇಕು ಎನ್ನುವಾಗ ಬಗ್ಗಬೇಕು. ಅರ್ಧ ಸೆಕೆಂಡ್ ಮುಂಚೆ ಬಗ್ಗಿದರೆ ಮೊದಲೇ ಗೊತ್ತಿದ್ದಂತೆ ಕಾಣುತ್ತದೆ, ಅರ್ಧ ಸೆಕೆಂಡ್ ತಡವಾದರೆ ಹಲ್ಲು ಉದುರುತ್ತದೆ. ಕ್ರ್ಯಾಶ್‌ನ ಬೀಳುವಿಕೆಯನ್ನು ನಿಧಾನಗತಿಯಲ್ಲಿ ನೋಡಿ: ಹೊಡೆದವನ ಬಲ ಎಷ್ಟೆಂಬುದನ್ನು ಅವನ ಮೈಯೇ ಹೇಳುತ್ತದೆ. ಟೆಸ್ಟ್, ವಿಸ್ಸೆರಾರಂಥವರು ಅಷ್ಟು ಭಯಂಕರವಾಗಿ ಕಂಡದ್ದರಲ್ಲಿ ಅರ್ಧ ಪಾಲು ಇಂಥ ಸಣ್ಣ ಆಳುಗಳದು. ಹಾಸ್ಯಗಾರ ಎಲ್ಲ ವೇಷದ ಹೆಜ್ಜೆಯನ್ನೂ ಬಲ್ಲವನಾಗಿರಬೇಕು ಎಂದು ಮೇಳದವರು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ.

ಬಿರುದುಗಳ ಲೆಕ್ಕ ಬೇಕೆನ್ನುವವರಿಗೆ: 1999ರ ಅಕ್ಟೋಬರ್ 18ರಂದು ಓಹಾಯೋದ ಕೊಲಂಬಸ್‌ನಲ್ಲಿ ಹಾಲಿ ಜೋಡಿ ಟ್ಯಾಗ್ ಟೀಮ್ (ಇಬ್ಬರ ತಂಡದ) ಬಿರುದು ಗೆದ್ದದ್ದು ಸಾಮಾನ್ಯರ ಎದುರಲ್ಲ, ರಾಕ್ ಮತ್ತು ಮ್ಯಾನ್‌ಕೈಂಡ್ ಎದುರು. 2000ದ ಡಿಸೆಂಬರ್ 2ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಇಂಗ್ಲಿಷ್‌ನವನೇ ಆದ ವಿಲಿಯಂ ರೀಗಲ್‌ನಿಂದ ಯುರೋಪಿಯನ್ ಬಿರುದು ಕಿತ್ತ. ಅದು ಎರಡು ದಿನ ಉಳಿಯಿತು. 2001ರ ಮಾರ್ಚ್‌ನಲ್ಲಿ ಡೀನ್ ಮಲೆಂಕೊನನ್ನು ಸೋಲಿಸಿ ಲೈಟ್ ಹೆವಿವೇಟ್ ಚಾಂಪಿಯನ್ ಆದ. ಮಲೆಂಕೊ ಹಿಡಿತಗಳ ಪಂಡಿತ, ಅವನ ಜೊತೆ ಹಾಸ್ಯದಿಂದ ಕಾಲ ತಳ್ಳಲಾಗದು. ಅದಿರಲಿ, 400 ಪೌಂಡಿನ ಸೂಪರ್ ಹೆವಿವೇಟ್ ಎಂದು ಹೇಳಿಕೊಂಡು ಬಂದವನ ಸೊಂಟಕ್ಕೆ ಹಗುರ ತೂಕದವರ ಬೆಲ್ಟು ಬಂದದ್ದನ್ನು ಗಮನಿಸಿದಿರಾ?

ಡಬ್ಲ್ಯುಡಬ್ಲ್ಯುಎಫ್‌ಗೆ ಬರುವ ಮೊದಲು ಎಲ್ಲಿದ್ದರು?

ಉತ್ತರ ಕ್ಯಾಲಿಫೋರ್ನಿಯಾದ ಸಣ್ಣ ಪ್ರದರ್ಶನಗಳಲ್ಲಿ. ಲಾಕ್‌ವುಡ್ ಅಲ್ಲಿ ಎರಿನ್ ಓಗ್ರೇಡಿ ಎಂಬ ಐರಿಷ್ ಹೆಸರಿನಲ್ಲಿ ಆಡುತ್ತಿದ್ದರು. ಆಲ್ ಪ್ರೊ ರೆಸ್ಲಿಂಗ್ ಎಂಬ ಸಂಸ್ಥೆಯ ಅಂಗಳದಲ್ಲಿ ವಿಕ್ ಗ್ರೈಮ್ಸ್ ಅವರ ಜೊತೆಗಾರ. ಗ್ರೈಮ್ಸ್ ದಢೂತಿ, ಇವರು ಸಣ್ಣವರು. ದೊಡ್ಡ ಸಂಸ್ಥೆಯ ಕಣ್ಣು ಬಿದ್ದದ್ದು ಇಬ್ಬರ ಮೇಲೂ, ಹೆಚ್ಚು ಕಾಲ ನಿಂತವರು ಸಣ್ಣವರು.

ಹಾಸ್ಯದ ಪಾತ್ರವೇ ಅವನನ್ನು ಮೇಲಕ್ಕೆ ಏರಲು ಬಿಡಲಿಲ್ಲ ಎಂಬ ಮಾತನ್ನು ಒಪ್ಪುತ್ತೀರಾ?

ಒಪ್ಪುವುದಿಲ್ಲ. ಹಾಗೆ ಹೇಳುವವರು ಅವನನ್ನು ಹೊಗಳುತ್ತಿದ್ದೇವೆ ಎಂದುಕೊಂಡು ಅವನ ಕೆಲಸವನ್ನು ಹೀಗಳೆಯುತ್ತಾರೆ. 2000ದಲ್ಲಿ ಮೇಲೆ ಯಾರಿದ್ದರು ನೋಡಿ: ರಾಕ್, ಟ್ರಿಪಲ್ ಎಚ್, ಅಂಡರ್‌ಟೇಕರ್, ಕರ್ಟ್ ಆಂಗಲ್. ಅಲ್ಲಿ ಇನ್ನೊಬ್ಬ ಗಂಭೀರ ಮುಖದ ಕುಸ್ತಿಪಟುವಿಗೆ ಜಾಗವಿರಲಿಲ್ಲ, ಅದೂ ಆ ಮೈಕಟ್ಟಿನವನಿಗೆ. ಕ್ರ್ಯಾಶ್ ತನಗೆ ಜಾಗವನ್ನು ತಾನೇ ಮಾಡಿಕೊಂಡ.

2000ದ ಜೂನ್ 25ರ ಕಿಂಗ್ ಆಫ್ ದ ರಿಂಗ್ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಬಾಸ್ಟನ್‌ನಲ್ಲಿ ನಡೆದ ಆ ರಾತ್ರಿ ಅವನು ಬುಲ್ ಬುಕಾನನ್ ಎಂಬ ಗಜಕಾಯನನ್ನು ಸೋಲಿಸಿ ಸೆಮಿಫೈನಲ್ ತಲುಪಿದ. ಅಲ್ಲಿ ಕರ್ಟ್ ಆಂಗಲ್‌ಗೆ ಸೋತ. ಆಂಗಲ್ ಒಲಿಂಪಿಕ್ಸ್ ಚಿನ್ನ ಗೆದ್ದವನು, ಆ ಸ್ಪರ್ಧೆಯನ್ನೂ ಗೆದ್ದವನು. ಅದೇ ರಾತ್ರಿ, ಐವತ್ತು ದಾಟಿದ ಬ್ರಿಸ್ಕೊ ಮತ್ತು ಪ್ಯಾಟ್ ಪ್ಯಾಟರ್ಸನ್ ಹೆಂಗಸರ ಗೌನು ತೊಟ್ಟು ಹಾರ್ಡ್‌ಕೋರ್ ಬೆಲ್ಟಿಗಾಗಿ ಕಿತ್ತಾಡುತ್ತಿದ್ದಾಗ (ಆ ದೃಶ್ಯವನ್ನು ಮರೆಯಲು ನಾನು ಎಷ್ಟು ಯತ್ನಿಸಿದರೂ ಆಗಿಲ್ಲ) ಕ್ರ್ಯಾಶ್ ನುಗ್ಗಿ ಪ್ಯಾಟರ್ಸನ್‌ರನ್ನು ಪಿನ್ ಮಾಡಿ ಬೆಲ್ಟ್ ಸಮೇತ ಪರಾರಿ. ಒಂದೇ ರಾತ್ರಿಯಲ್ಲಿ ಒಲಿಂಪಿಕ್ ಜಟ್ಟಿಯ ಎದುರು ಸೆಮಿಫೈನಲ್ ಆಡಿ, ಗೌನಿನ ಪ್ರಹಸನಕ್ಕೂ ಒದಗುವವರು ಆ ಕಂಪನಿಯಲ್ಲಿ ಎಷ್ಟು ಜನ ಇದ್ದರು?

ನನ್ನ ದೂರು ಇರುವುದು 2003ರ ಬಗ್ಗೆ. ಆಗ ಅವನನ್ನು ಮ್ಯಾಟ್ ಹಾರ್ಡಿಯ ಶಿಷ್ಯನನ್ನಾಗಿ, ಶಿಷ್ಯನಿಗೂ ಶಿಷ್ಯನೆಂಬಂತೆ, ಶಾನನ್ ಮೂರ್‌ನ ಹಿಂದೆ ನಿಲ್ಲಿಸಿದರು. ತಾನೇ ಕಥೆ ಕಟ್ಟುತ್ತಿದ್ದವನಿಗೆ ಇನ್ನೊಬ್ಬರ ಕಥೆಯಲ್ಲಿ ಚಾಮರ ಬೀಸುವ ಕೆಲಸ.

ಕೊನೆಯ ದಿನಗಳು ಹೇಗಿದ್ದವು? ಸಾವು ಹೇಗಾಯಿತು?

2003ರ ಜೂನ್ ಕೊನೆಗೆ ಡಬ್ಲ್ಯುಡಬ್ಲ್ಯುಇ ಅವರನ್ನು ಕೈಬಿಟ್ಟಿತು. ಜುಲೈನಲ್ಲೇ ಅವರು ಆಗಿನ್ನೂ ಹೊಸದಾಗಿದ್ದ ಟಿಎನ್‌ಎ ಸಂಸ್ಥೆಯಲ್ಲಿ ‘ಮ್ಯಾಡ್ ಮೈಕಿ’ ಎಂಬ ಸಿಡುಕಿನ ಪಾತ್ರದಲ್ಲಿ ಕಾಣಿಸಿಕೊಂಡರು. ಕೆಲವು ತಿಂಗಳಷ್ಟೇ. ನವೆಂಬರ್ 6ರಂದು ಫ್ಲಾರಿಡಾದ ನವಾರೆಯಲ್ಲಿ, ಜೊತೆಯ ಆಟಗಾರರೊಬ್ಬರ ಮನೆಯಲ್ಲಿ, ಲಾಕ್‌ವುಡ್ ಮೃತರಾಗಿ ಕಂಡುಬಂದರು. ವಾಂತಿ ಉಸಿರುನಾಳಕ್ಕೆ ಸಿಕ್ಕಿ ಉಸಿರುಗಟ್ಟಿತ್ತು. ಅವರ ಬದುಕಿನ ಆ ತಿಂಗಳುಗಳ ಬಗ್ಗೆ ಬಗೆಬಗೆಯಾಗಿ ಬರೆದವರಿದ್ದಾರೆ. ನಾವು ಅವರನ್ನು ಬಲ್ಲದ್ದು ಪರದೆಯ ಮೇಲೆ. ಆಚೆಗಿನ ನೋವು ಮನೆಯವರದು, ಅಲ್ಲಿ ಇಣುಕುವ ಹಕ್ಕು ನಮಗಿಲ್ಲ.

ನಗಿಸುವವನ ಒಳಗೆ ಅಳು ಇತ್ತು ಎಂಬ ಸವೆದ ಮಾತನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅವನ ಓಟಗಳನ್ನು ನೋಡುವಾಗ ಸಾವನ್ನು ಅದರೊಳಗೆ ಹುಡುಕುವವರನ್ನು ಕಂಡಿದ್ದೇನೆ. ಅಲ್ಲಿ ಅಂಥದ್ದೇನೂ ಇಲ್ಲ, ತುಂಬಾ ಚೆನ್ನಾಗಿ ಓಡುವ ಒಬ್ಬ ಮನುಷ್ಯನಿದ್ದಾನೆ.

ಆ ಕಾಲದವರು ಅಷ್ಟೊಂದು ಮಂದಿ ಎಳೆಯ ವಯಸ್ಸಿನಲ್ಲೇ ಹೋದದ್ದೇಕೆ?

ಪಟ್ಟಿ ಎದೆ ನಡುಗಿಸುವಂಥದ್ದು. ಬ್ರಯನ್ ಪಿಲ್‌ಮನ್ 1997ರಲ್ಲಿ, 35. ಓವನ್ ಹಾರ್ಟ್ 1999ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮೇಲಿನಿಂದ ಬಿದ್ದು, 34. ಯೊಕೊಝುನ 2000ದಲ್ಲಿ, 34. ಬ್ರಿಟಿಷ್ ಬುಲ್‌ಡಾಗ್ 2002ರಲ್ಲಿ, 39. 2003 ಒಂದರಲ್ಲೇ ಫೆಬ್ರವರಿಯಲ್ಲಿ ಕರ್ಟ್ ಹೆನ್ನಿಗ್, ಮೇನಲ್ಲಿ ಮಿಸ್ ಎಲಿಜಬೆತ್, ಅಕ್ಟೋಬರ್‌ನಲ್ಲಿ ರೋಡ್ ವಾರಿಯರ್ ಹಾಕ್, ಅದಾದ 18 ದಿನಕ್ಕೆ ಲಾಕ್‌ವುಡ್.

ಓವನ್‌ರದು ಅಪಘಾತ. ಎಲ್ಲ ಸಾವಿಗೂ ಒಂದೇ ಕಾರಣ ಕೊಡುವುದು ತಪ್ಪು, ಕಸುಬಿನ ರೀತಿಯನ್ನು ಮಾತ್ರ ಹೇಳಬಹುದು. ಆಟಗಾರರು ಸಂಸ್ಥೆಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಸಂಘಟನೆಯಿಲ್ಲ. ಋತು ಮುಗಿದು ವಿಶ್ರಾಂತಿ ಎಂಬುದೇ ಇಲ್ಲದ ಆಟ, ವರ್ಷವಿಡೀ ಊರಿಂದೂರಿಗೆ ಅಲೆದಾಟ. ನೋವಿದ್ದರೆ ಮಾತ್ರೆ, ನಿದ್ದೆ ಬರದಿದ್ದರೆ ಇನ್ನೊಂದು ಮಾತ್ರೆ, ಅದರ ಮೇಲೆ ಮದ್ಯ. ಡಬ್ಲ್ಯುಡಬ್ಲ್ಯುಇ ಔಷಧ ಪರೀಕ್ಷೆ ಮತ್ತು ಆರೋಗ್ಯ ತಪಾಸಣೆಯ ವ್ಯವಸ್ಥೆ ತಂದದ್ದು 2006ರಲ್ಲಿ, ಎಡ್ಡಿ ಗೆರೆರೊ 38ಕ್ಕೇ ತೀರಿಕೊಂಡ ಮೇಲೆ.

2019ರಲ್ಲಿ ಬಂದ 24/7 ಬಿರುದು ಕ್ರ್ಯಾಶ್‌ನ ಆಟದ ನಕಲೇ?

ನಿಯಮ ಅದೇ. ಹಳೆಯ ಹಾರ್ಡ್‌ಕೋರ್ ಬಿರುದನ್ನು 2002ರ ಆಗಸ್ಟ್‌ನಲ್ಲಿ ಇಂಟರ್‌ಕಾಂಟಿನೆಂಟಲ್ ಬಿರುದಿನೊಳಗೆ ವಿಲೀನ ಮಾಡಿ ಮುಗಿಸಿದ್ದರು. 2019ರ ಮೇನಲ್ಲಿ ಮಿಕ್ ಫೋಲಿ, ಅಂದರೆ ಹಿಂದಿನ ಮ್ಯಾನ್‌ಕೈಂಡ್, ಹೊಸ ಬೆಲ್ಟ್ ತಂದಿಟ್ಟರು. ಆರ್-ಟ್ರೂತ್ ಅದನ್ನು 54 ಬಾರಿ ಗೆದ್ದ. ಅವನೂ ಹಾಸ್ಯದಲ್ಲಿ ಪಳಗಿದವನೇ, ಅವನಿಗೆ ನನ್ನ ತಕರಾರಿಲ್ಲ. ಆದರೆ ಹೊಸ ಕಾಲದ ಅಟ್ಟಾಟದಲ್ಲಿ ಎಲ್ಲರಿಗೂ ತಾವು ತಮಾಷೆ ಮಾಡುತ್ತಿದ್ದೇವೆಂದು ಗೊತ್ತಿತ್ತು. ಕ್ರ್ಯಾಶ್‌ಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ, ಅವನ ಪಾಲಿಗೆ ಆ ಟೇಪು ಸುತ್ತಿದ ತಗಡು ವಿಶ್ವ ಚಾಂಪಿಯನ್ ಬೆಲ್ಟಿಗಿಂತ ಮಿಗಿಲು. ಹೊಸ ಬೆಲ್ಟನ್ನು 2022ರ ನವೆಂಬರ್‌ನಲ್ಲಿ ನಿಕ್ಕಿ ಕ್ರಾಸ್ ಕಸದ ಡಬ್ಬಿಗೆ ಎಸೆದಳು. ಕ್ರ್ಯಾಶ್ ಇದ್ದಿದ್ದರೆ ಡಬ್ಬಿಯೊಳಗೆ ಮೊದಲೇ ಅಡಗಿ ಕೂತಿರುತ್ತಿದ್ದ.

ಹನ್ನೆರಡು ವರ್ಷದ ಮಗನಿಗೆ ತೋರಿಸಬೇಕು. ಎಲ್ಲಿಂದ ಶುರು ಮಾಡಲಿ?

ಬ್ರೂಕ್ಲಿನ್‌ನ ಚೆಂಡಿನ ತೊಟ್ಟಿಯಿಂದ. ಬಿರುದು, ಇತಿಹಾಸ, 22, 27 ಏನನ್ನೂ ಮೊದಲೇ ವಿವರಿಸಬೇಡಿ. ಇವನನ್ನು ಅಟ್ಟಿಸಿಕೊಂಡು ಬರುತ್ತಾರೆ, ಇವನು ಸಿಗಬಾರದು ಎಂದಷ್ಟೇ ಹೇಳಿ. ಆಮೇಲೆ ಬ್ರಿಸ್ಕೊ ಬಂದ ನಿದ್ದೆಯ ಪ್ರಸಂಗ. ಅದಾದ ಮೇಲೆ ಶೆಫೀಲ್ಡಿನ ಪಂದ್ಯ, ಹುಡುಗನಿಗೆ ಇವನ ಕೈಚಳಕವೂ ಗೊತ್ತಾಗಲಿ. ಗೌನಿನ ಪಂದ್ಯ ಸದ್ಯಕ್ಕೆ ಬೇಡ. ಕುರ್ಚಿ, ತಟ್ಟೆ ಎತ್ತಿ ಮನೆಯಲ್ಲಿ ಆಡಬಾರದೆಂದು ಒಂದು ಮಾತು ಹೇಳಿ, ನನ್ನ ತಮ್ಮನ ಹಣೆಯ ಮೇಲೆ ಇನ್ನೂ ಒಂದು ಗುರುತಿದೆ.